ಮನೆ ಮಾರೋಕೆ ಬ್ರೋಕರ್ ಇಟ್ಟುಕೊಂಡರೆ, ಅವರು ಯಾರ ಕಡೆಯವರು?

ಕುವೆಂಪುನಗರದ ಮಗಳು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. 30×40 ಸೈಟು. ಕೆಳಗೆ ನಾವಿದ್ದ ಮನೆ, ಮೇಲೆ ಬಾಡಿಗೆಗೆ ಒಂದು ಸಣ್ಣ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ತಮ್ಮ ಅಮೆರಿಕದಲ್ಲಿದ್ದಾನೆ. ಮಾರಿಬಿಡೋಣ ಅಂತ ಮೂವರೂ ಒಪ್ಪಿದ್ದೇವೆ.

ಗೇಟಿಗೆ ಬೋರ್ಡ್ ಹಾಕುವ ಮೊದಲೇ ಬ್ರೋಕರುಗಳ ಫೋನ್ ಶುರುವಾಗಿದೆ. ಒಬ್ಬರು ಹೀಗೆ ಹೇಳಿದರು: "ಮೇಡಂ, ನಿಮಗೆ ನೆಟ್ ಎಷ್ಟು ಬೇಕು ಹೇಳಿಬಿಡಿ. ಒಂದೂಕಾಲು ಕೋಟಿ ನಿಮ್ಮ ಕೈಗೆ ಕೊಡಿಸುತ್ತೇನೆ. ಕಮಿಷನ್ ಬೇಡ. ಅದರ ಮೇಲೆ ಬಂದದ್ದು ನನಗೆ." ಇನ್ನೊಬ್ಬರು ಎರಡು ಪರ್ಸೆಂಟ್ ಕೇಳುತ್ತಿದ್ದಾರೆ. ಅಮ್ಮನಿಗೆ ಮೊದಲನೆಯದೇ ಸರಿ ಅನ್ನಿಸುತ್ತಿದೆ, ಕೈಯಿಂದ ಏನೂ ಕೊಡಬೇಕಾಗಿಲ್ಲವಲ್ಲ ಅಂತ.

ಎರಡರಲ್ಲಿ ಯಾವುದು ಒಳ್ಳೆಯದು? ಅದಕ್ಕಿಂತ ಮುಖ್ಯವಾಗಿ, ಮಾರುವವರ ಪರವಾಗಿ ನಿಲ್ಲುವ ಬ್ರೋಕರ್ ನಮಗೋಸ್ಕರ ಏನೇನು ಮಾಡಬೇಕು? ಗಿರಾಕಿ ಕರೆದುಕೊಂಡು ಬಂದು ಬಾಗಿಲು ತೆರೆಸಿದರೆ ಅಷ್ಟೇನಾ?

ಡೈರೆಕ್ಟ್ ಓನರ್, ಹುಬ್ಬಳ್ಳಿ

ಬ್ರೋಕರ್ ಯಾಕೆ ಬೇಕು ಅಕ್ಕಾ? ಗೇಟಿಗೆ ಫೋನ್ ನಂಬರ್ ಇರುವ ಬೋರ್ಡ್ ಹಾಕಿ, ಆನ್‌ಲೈನ್‌ನಲ್ಲಿ ಫೋಟೋ ಹಾಕಿ. ವಿದ್ಯಾನಗರದ ನಮ್ಮ ಮನೆಯನ್ನು ಹಾಗೇ ಮಾರಿದೆವು. ಕೊಂಡವರು ಅದೇ ಬೀದಿಯವರು. ಎರಡು ಪರ್ಸೆಂಟ್ ಅಂದರೆ ಎರಡೂವರೆ ಲಕ್ಷ, ಸುಮ್ನೆ ಕೊಡುವ ದುಡ್ಡಲ್ಲ ಅದು.

ಕುವೆಂಪುನಗರದ ಮಗಳು

ಅಲ್ಲೇ ಇದ್ದಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವು. ಬಂದವರಿಗೆಲ್ಲ ಬೀಗ ತೆಗೆದು ತೋರಿಸೋಕೆ ಮೈಸೂರಿನಲ್ಲಿ ಈಗ ನಮ್ಮವರು ಯಾರೂ ಇಲ್ಲ. ಮೇಲಿನ ಮನೆಯ ಬಾಡಿಗೆದಾರರಿಗೆ ಆ ಕೆಲಸ ಹೇಳುವುದು ಸರಿಯಲ್ಲ.

ವಿಜಯನಗರ ನಾಲ್ಕನೇ ಹಂತ

ಮೈಸೂರಿನಲ್ಲಿ ಮನೆ, ಸೈಟು ಮಾರಿಸುವುದೇ ನನ್ನ ಕೆಲಸ. ಅದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ. ಈ ಪ್ರಶ್ನೆಯನ್ನು ಜನ ಮನೆ ಮಾರಿದ ಮೇಲೆ ಕೇಳುತ್ತಾರೆ. ನೀವು ಮುಂಚೆಯೇ ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು.

ನೆಟ್ ರೇಟ್‌ಗೆ ಒಪ್ಪಬೇಡಿ. ನೀವು "ಒಂದೂಕಾಲು ಕೋಟಿ ಸಾಕು" ಅಂದ ಕ್ಷಣವೇ ಆ ಬ್ರೋಕರ್ ನಿಮ್ಮ ಕಡೆಯವರಾಗಿ ಉಳಿಯುವುದಿಲ್ಲ. ಅಲ್ಲಿಂದ ಅವರು ನಿಮ್ಮ ಮನೆಯ ವ್ಯಾಪಾರಿ. ನಿಮ್ಮಿಂದ ಕಡಿಮೆಗೆ ತೆಗೆದು ಜಾಸ್ತಿಗೆ ಮಾರುವುದು ಅವರ ಲಾಭ. ಮಾರ್ಕೆಟ್ಟಿನಲ್ಲಿ ಒಂದು ನಲವತ್ತಕ್ಕೆ, ಅಂದರೆ ಒಂದು ಕೋಟಿ ನಲವತ್ತು ಲಕ್ಷಕ್ಕೆ ಹೋಗುವ ಮನೆ ಇದು ಅಂತ ಅವರಿಗೆ ಗೊತ್ತಿದ್ದರೂ ನಿಮಗೆ ಹೇಳುವ ಕಾರಣವೇ ಇಲ್ಲ. ಹೇಳದೆ ಇದ್ದರೆ ತಾನೇ ಅವರಿಗೆ ಹದಿನೈದು ಲಕ್ಷ?

ಪರ್ಸೆಂಟ್ ಲೆಕ್ಕದಲ್ಲೂ ಒಂದು ತೊಡಕಿದೆ, ಅದನ್ನೂ ಹೇಳುತ್ತೇನೆ. ಎರಡು ಪರ್ಸೆಂಟ್ ಅಂದರೆ ಒಂದೂಕಾಲು ಕೋಟಿಗೆ ಎರಡೂವರೆ ಲಕ್ಷ. ಒಂದು ನಲವತ್ತಕ್ಕೆ ಎರಡು ಲಕ್ಷ ಎಂಬತ್ತು ಸಾವಿರ. ನಿಮಗೆ ಹದಿನೈದು ಲಕ್ಷ ಹೆಚ್ಚು ಬಂದರೆ ಬ್ರೋಕರಿಗೆ ಬರುವುದು ಮೂವತ್ತು ಸಾವಿರ ಹೆಚ್ಚು. ಅಷ್ಟಕ್ಕೋಸ್ಕರ ಇನ್ನೂ ಎರಡು ತಿಂಗಳು ಕಾಯುವ ಬದಲು, "ಮೇಡಂ, ಇದಕ್ಕಿಂತ ಒಳ್ಳೆ ಪಾರ್ಟಿ ಸಿಗಲ್ಲ, ಒಪ್ಪಿಕೊಂಡುಬಿಡಿ" ಅನ್ನುವುದೇ ಅವರಿಗೆ ಸುಲಭ. ನಮ್ಮ ಕಸುಬಿನಲ್ಲಿ ದಿನಾ ನಡೆಯುವುದು ಇದೇ.

ಜೊತೆಗೆ ನಮ್ಮೂರಲ್ಲಿ ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವುದು ವಾಡಿಕೆ. ಮಾರುವವರಿಂದ ಒಂದೋ ಎರಡೋ ಪರ್ಸೆಂಟ್, ಕೊಳ್ಳುವವರಿಂದಲೂ ಅಷ್ಟೇ. ಒಬ್ಬರಿಗೆ ಬೆಲೆ ಏರಬೇಕು, ಇನ್ನೊಬ್ಬರಿಗೆ ಇಳಿಯಬೇಕು. ಇಬ್ಬರ ದುಡ್ಡೂ ತೆಗೆದುಕೊಂಡವರು ಯಾರ ಪರವಾಗಿ ಮಾತಾಡುತ್ತಾರೆ? ಬೇಗ ಮುಗಿಸುವುದರ ಪರವಾಗಿ.

ಒಂದು ಉದಾಹರಣೆ ಕೊಡುತ್ತೇನೆ. ಗೇಟಿನ ಹತ್ತಿರ ಗಿರಾಕಿ ಕಾರಿಂದ ಇಳಿಯುತ್ತಾರೆ. ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಬ್ರೋಕರ್ ಮೆತ್ತಗೆ ಹೇಳುತ್ತಾರೆ: "ಓನರ್ ಸ್ವಲ್ಪ ಅರ್ಜೆಂಟ್‌ನಲ್ಲಿದ್ದಾರೆ ಸಾರ್. ಮಗ ಫಾರಿನ್ನು. ಕೂತು ಮಾತಾಡಿದರೆ ಇಳಿಸ್ತಾರೆ." ಗಿರಾಕಿಗೆ ಖುಷಿ, ಬ್ರೋಕರ್ ಮೇಲೆ ನಂಬಿಕೆ. ಆದರೆ ಮನೆಯೊಳಗೆ ಕಾಲಿಡುವ ಮೊದಲೇ ನಿಮ್ಮ ಐದು ಲಕ್ಷ ಹೋಯಿತು. ಮಾರುವವರ ಏಜೆಂಟ್ ಅನ್ನಿಸಿಕೊಂಡವರು ಬಾಯಿ ಬಿಡಲೇಬಾರದ ಎರಡು ವಿಷಯ ಇವೆ. ನಿಮ್ಮ ಕೊನೆಯ ಬೆಲೆ, ಮತ್ತು ನೀವು ಯಾಕೆ ಮಾರುತ್ತಿದ್ದೀರಿ ಅನ್ನುವುದು.

ನನ್ನ ಪದ್ಧತಿ ಹೀಗಿದೆ. ಮಾರುವವರ ಕೆಲಸ ಹಿಡಿದರೆ ಅವರಿಂದ ಮಾತ್ರ ದುಡ್ಡು. ಒಂದು ಬೆಲೆ ಗೊತ್ತು ಮಾಡಿಕೊಳ್ಳುತ್ತೇವೆ, ಒಂದು ಮೂವತ್ತು ಅಂತಿಟ್ಟುಕೊಳ್ಳಿ. ಅಲ್ಲಿವರೆಗೆ ಒಂದು ಪರ್ಸೆಂಟ್. ಅದರ ಮೇಲೆ ಎಷ್ಟು ಬಂದರೂ ಆ ಹೆಚ್ಚಿನ ಭಾಗಕ್ಕೆ ಹತ್ತು ಪರ್ಸೆಂಟ್. ಒಂದು ನಲವತ್ತಕ್ಕೆ ಹೋದರೆ ನನಗೆ ಎರಡು ಲಕ್ಷ ಮೂವತ್ತು ಸಾವಿರ. ನೀವು ಕೊಡುವುದು ಕಡಿಮೆ, ನನಗೆ ಬೆಲೆ ಏರಿಸಲು ಕಾರಣ ಜಾಸ್ತಿ. ಎಲ್ಲರೂ ಇದಕ್ಕೆ ಒಪ್ಪುವುದಿಲ್ಲ, ಆದರೂ ಕೇಳಿ ನೋಡಿ.

ನಂಜನಗೂಡು ರಸ್ತೆ

ಕೇಳೋಕೆ ಚೆನ್ನಾಗಿದೆ ಸಾರ್. ಆದರೆ ಎರಡೂ ಕಡೆ ಕಮಿಷನ್ ಬಿಟ್ಟು ಕೆಲಸ ಮಾಡುವ ಬ್ರೋಕರ್ ಎಷ್ಟು ಜನ ಸಿಗುತ್ತಾರೆ? ಗಿರಾಕಿಯನ್ನು ಕರೆತರುವುದು ಇನ್ಯಾರೋ ಬ್ರೋಕರ್ ಆಗಿರುತ್ತಾರೆ. ಅವರ ಹಿಂದೆ ಇನ್ನೊಬ್ಬರು. ಒಂದು ಮನೆಗೆ ನಾಲ್ಕು ಜನ ಪಾಲು ಕೇಳುತ್ತಾರೆ.

ವಿಜಯನಗರ ನಾಲ್ಕನೇ ಹಂತ

ಸರಿಯಾದ ಮಾತು. ಕೊಳ್ಳುವವರ ಬ್ರೋಕರಿಗೆ ಕೊಳ್ಳುವವರು ಕೊಡಲಿ, ಅದರಲ್ಲಿ ತಪ್ಪೇನಿಲ್ಲ. ಆಗ ಇಬ್ಬರಿಗೂ ಒಬ್ಬೊಬ್ಬರು ಇದ್ದ ಹಾಗಾಯಿತು. ನಾನು ಬೇಡ ಅನ್ನುವುದು ಒಬ್ಬರೇ ಎರಡೂ ಕಡೆ ಕೂರುವುದನ್ನು. ಹಾಗೆ ಕೂತರೂ ಅದು ಇಬ್ಬರಿಗೂ ಮೊದಲೇ ಗೊತ್ತಿರಬೇಕು.

ತುಮಕೂರು ಕಡೆಯವ

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ನೆಟ್ ರೇಟಿನ ಮುಂದಿನ ಮೆಟ್ಟಿಲು ಅದು. ನಮ್ಮ ಸೈಟಿಗೆ ಬ್ರೋಕರ್ ಒಬ್ಬರು "ಪಾರ್ಟಿ ರೆಡಿ ಇದೆ, ಆದರೆ ಅವರು ಊರಲ್ಲಿಲ್ಲ, ನನ್ನ ಹೆಸರಿಗೇ ಅಗ್ರಿಮೆಂಟ್ ಮಾಡಿಕೊಡಿ" ಅಂದರು. ಟೋಕನ್ ಕೊಟ್ಟರು. ಅಪ್ಪ ಸಹಿ ಹಾಕಿದರು. ಆಮೇಲೆ ಗೊತ್ತಾಯಿತು, ಯಾವ ಪಾರ್ಟಿಯೂ ಇರಲಿಲ್ಲ. ಆ ಅಗ್ರಿಮೆಂಟ್ ಹಿಡಿದುಕೊಂಡೇ ಅವರು ಗಿರಾಕಿ ಹುಡುಕಿದರು. ಅಲ್ಲಿವರೆಗೆ ನಾವು ಬೇರೆ ಯಾರಿಗೂ ಮಾರುವಂತಿಲ್ಲ. ಕೊನೆಗೆ ಕ್ರಯಪತ್ರದ ದಿನ ಕೊಂಡವರ ಬಾಯಲ್ಲೇ ಅವರು ಕೊಟ್ಟ ಬೆಲೆ ಕೇಳಿ ಅಪ್ಪ ಸುಮ್ಮನಾಗಿಬಿಟ್ಟರು. ಬ್ರೋಕರ್ ಅದೇ ಪತ್ರದಲ್ಲಿ ಒಪ್ಪಿಗೆದಾರರು ಅಂತ ಸಹಿ ಹಾಕಿ ತಮ್ಮ ಪಾಲು ಎಣಿಸಿಕೊಂಡರು.

ದಯವಿಟ್ಟು ಬ್ರೋಕರ್ ಹೆಸರಿಗೆ ಅಗ್ರಿಮೆಂಟ್ ಹಾಕಬೇಡಿ. ಏನೇ ಕಾರಣ ಹೇಳಲಿ, ಬೇಡ.

ಕೋರ್ಟ್ ರಸ್ತೆ

ಇದಕ್ಕೆ ಕಾನೂನಿನಲ್ಲಿ ಉತ್ತರ ಇದೆ. ನಮ್ಮ ಜನಕ್ಕೆ ಯಾರೂ ಹೇಳಿಲ್ಲ ಅಷ್ಟೇ. 1872ರ ಭಾರತೀಯ ಕರಾರು ಕಾಯ್ದೆಯ ಹತ್ತನೇ ಅಧ್ಯಾಯ ಪೂರ್ತಿ ಏಜೆಂಟರ ಬಗ್ಗೆಯೇ ಇದೆ. 182ನೇ ಕಲಮಿನಿಂದ 238ರವರೆಗೆ.

ಅದರಲ್ಲಿ 215ನೇ ಕಲಮು ಓದಿ. ಏಜೆಂಟ್ ತನ್ನನ್ನು ನೇಮಿಸಿದವರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯದೆ, ಆ ಕೆಲಸದಲ್ಲಿ ತಾನೇ ವ್ಯವಹಾರ ಮಾಡಿಕೊಂಡರೆ ಏನಾಗುತ್ತದೆ ಅಂತ ಅಲ್ಲಿದೆ. ಮುಖ್ಯ ವಿಷಯ ಮುಚ್ಚಿಟ್ಟಿದ್ದರೆ, ಅಥವಾ ಆ ವ್ಯವಹಾರದಿಂದ ಮಾಲೀಕರಿಗೆ ನಷ್ಟ ಆಗಿದ್ದರೆ, ಅವರು ಅದನ್ನು ತಳ್ಳಿಹಾಕಬಹುದು. ಕಾಯ್ದೆಯಲ್ಲೇ ಉದಾಹರಣೆ ಕೊಟ್ಟಿದ್ದಾರೆ. ಒಬ್ಬ ತನ್ನ ಜಮೀನು ಮಾರಿಕೊಡು ಅಂತ ಏಜೆಂಟಿಗೆ ಹೇಳುತ್ತಾನೆ. ಏಜೆಂಟ್ ಹೋಗಿ ನೋಡಿದರೆ ಅಲ್ಲೊಂದು ಗಣಿ ಇದೆ, ಮಾಲೀಕನಿಗೆ ಅದು ಗೊತ್ತಿಲ್ಲ. ಗಣಿಯ ವಿಷಯ ಹೇಳದೆ "ನಾನೇ ಕೊಳ್ಳುತ್ತೇನೆ" ಅಂತ ಕೊಂಡುಬಿಡುತ್ತಾನೆ. ನಿಜ ಗೊತ್ತಾದಾಗ ಮಾಲೀಕ ಮಾರಾಟವನ್ನು ಉಳಿಸಿಕೊಳ್ಳಬಹುದು ಅಥವಾ ರದ್ದು ಮಾಡಬಹುದು. ಆಯ್ಕೆ ಅವನದು. ಒಂದೂವರೆ ಶತಮಾನದ ಹಿಂದೆ ಬರೆದದ್ದು ಇದು. ಗಣಿಯ ಜಾಗದಲ್ಲಿ ಇವತ್ತಿನ ಮಾರ್ಕೆಟ್ ಬೆಲೆಯನ್ನು ಇಟ್ಟು ಓದಿ ನೋಡಿ, ನೆಟ್ ರೇಟ್ ಕೇಳುವವರು ನೆನಪಾಗುತ್ತಾರೆ.

216ರಲ್ಲಿ ಇನ್ನೊಂದು ಮಾತಿದೆ. ಮಾಲೀಕರಿಗೆ ಗೊತ್ತಿಲ್ಲದ ಹಾಗೆ ಏಜೆಂಟ್ ತನಗೋಸ್ಕರ ವ್ಯವಹಾರ ಮಾಡಿಕೊಂಡಿದ್ದರೆ, ಅದರಿಂದ ಬಂದ ಲಾಭವನ್ನು ಮಾಲೀಕರು ಕೇಳಬಹುದು. 213 ಪ್ರಕಾರ ಕೇಳಿದಾಗ ಲೆಕ್ಕ ಕೊಡಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸ ಮುಗಿಯುವವರೆಗೆ ಕಮಿಷನ್ ಕೊಡಬೇಕಾಗಿಲ್ಲ, ಅದು 219. ಕೆಲಸದಲ್ಲಿ ಮೋಸ ಮಾಡಿದವರಿಗೆ ಆ ಕೆಲಸದ ಸಂಭಾವನೆ ಇಲ್ಲ, ಅದು 220.

ಆದರೆ ಇದೆಲ್ಲ ನಿಲ್ಲಬೇಕಾದರೆ, "ಇವರು ನಮ್ಮ ಏಜೆಂಟ್" ಅಂತ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕಲ್ವಾ? ಬಾಯಿಮಾತಲ್ಲಿ ಹೇಳಿದ್ದರೂ ಕಾನೂನು ಒಪ್ಪುತ್ತದೆ. ಆದರೆ ಬಾಯಿಮಾತನ್ನು ಕೋರ್ಟಿನಲ್ಲಿ ರುಜುವಾತು ಮಾಡುವುದು ದೊಡ್ಡ ಕಷ್ಟ. ಒಂದೇ ಪುಟ ಸಾಕು, ಕನ್ನಡದಲ್ಲೇ ಬರೆಸಿ. ಅಗ್ರಿಮೆಂಟ್ ಬ್ರೋಕರ್ ಹೆಸರಿಗೇ ಆಗಿಬಿಟ್ಟರೆ ಮಾತ್ರ ಎಲ್ಲ ತಲೆಕೆಳಗಾಗುತ್ತದೆ. "ನಾನು ಏಜೆಂಟ್ ಅಲ್ಲ, ಕೊಳ್ಳುವವನು" ಅಂತ ವಾದಿಸಲು ಅವರಿಗೆ ನೀವೇ ದಾಖಲೆ ಕೊಟ್ಟಂತೆ. ತುಮಕೂರಿನವರ ತಂದೆಗೆ ಆದದ್ದು ಅದೇ.

ಡೈರೆಕ್ಟ್ ಓನರ್, ಹುಬ್ಬಳ್ಳಿ

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರುವ ಬ್ರೋಕರನ್ನೇ ಹಿಡಿದರೆ ಇಷ್ಟೆಲ್ಲ ತಲೆನೋವು ಇರುವುದಿಲ್ಲ ಅಲ್ವಾ?

ಕೋರ್ಟ್ ರಸ್ತೆ

ನಂಬರ್ ಇದ್ದರೆ ಒಳ್ಳೆಯದೇ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಆದರೆ 2016ರ ಆ ಕಾಯ್ದೆ ಏಜೆಂಟರನ್ನು ಹಿಡಿಯುವುದು ಪ್ರಾಜೆಕ್ಟುಗಳಲ್ಲಿನ ಸೈಟು, ಫ್ಲ್ಯಾಟು ಮಾರಾಟದ ಮಟ್ಟಿಗೆ. ಅಪ್ಪ ಕಟ್ಟಿಸಿದ ಹಳೇ ಮನೆಯ ಮಾರಾಟದಲ್ಲಿ ಜಗಳ ಆದರೆ ರೇರಾ ಕೈಹಿಡಿಯುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ನಿಮ್ಮನ್ನು ಕಾಯುವುದು ನೀವು ಬರೆಸಿಕೊಂಡ ಪತ್ರ.

ಆಸ್ಟಿನ್ ಕನ್ನಡತಿ

ಟೆಕ್ಸಾಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಮನೆ ಮಾರಿದ್ದೇವೆ, ದಾವಣಗೆರೆಯಲ್ಲಿ ಮಾವನವರ ಮನೆ ಮಾರುವುದನ್ನೂ ನೋಡಿದ್ದೇನೆ. ಎರಡರಲ್ಲೂ ಏನು ವ್ಯತ್ಯಾಸ ಅಂತ ಹೇಳಿದರೆ ನಿಮ್ಮ ತಮ್ಮನಿಗೂ ಉಪಯೋಗ ಆಗಬಹುದು.

ಇಲ್ಲಿ ಲೈಸೆನ್ಸ್ ಇಲ್ಲದೆ ಯಾರೂ ಬ್ರೋಕರ್ ಕೆಲಸ ಮಾಡುವಂತಿಲ್ಲ. ಮೊದಲ ಮಾತುಕತೆಯಲ್ಲೇ ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಒಂದು ಫಾರ್ಮ್ ಕೊಡಬೇಕು. ಏಜೆಂಟ್ ಮಾರುವವರ ಪರ ಇದ್ದರೆ ಏನು, ಕೊಳ್ಳುವವರ ಪರ ಇದ್ದರೆ ಏನು ಅಂತ ಅದರಲ್ಲಿ ಬರೆದಿರುತ್ತದೆ. ಆಮೇಲೆ ಮಾರುವವರು ಲಿಸ್ಟಿಂಗ್ ಅಗ್ರಿಮೆಂಟ್ ಬರೆಯುತ್ತಾರೆ. ಎಷ್ಟು ತಿಂಗಳು, ಎಷ್ಟು ಕಮಿಷನ್, ಏನೇನು ಕೆಲಸ, ಎಲ್ಲ ಅದರಲ್ಲೇ ಇರುತ್ತದೆ.

ನಮ್ಮ ಏಜೆಂಟ್ ಮೊದಲು ಮಾಡಿದ ಕೆಲಸ ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಮನೆಗಳ ಪಟ್ಟಿ ತಂದದ್ದು. ಇದು ಮೂರು ಬೆಡ್‌ರೂಮು, ಇದಕ್ಕೆ ಹೊಸ ಛಾವಣಿ, ಇದು ದೊಡ್ಡ ರಸ್ತೆಗೆ ಹತ್ತಿರ ಅಂತ ಒಂದೊಂದನ್ನೂ ತೋರಿಸಿ ನಮ್ಮ ಬೆಲೆ ಎಲ್ಲಿ ನಿಲ್ಲುತ್ತದೆ ಅಂತ ವಿವರಿಸಿದರು. ಎರಡು ಆಫರ್ ಬಂದಾಗ ಜಾಸ್ತಿ ದುಡ್ಡಿನದನ್ನು ಬಿಡಿಸಿದರು. ಆ ಆಫರ್ ಕೊಟ್ಟವರ ಬ್ಯಾಂಕ್ ಸಾಲ ಇನ್ನೂ ಗಟ್ಟಿಯಾಗಿರಲಿಲ್ಲ. ಅವತ್ತು ಬೇಜಾರಾಗಿತ್ತು. ಈಗ ಯೋಚಿಸಿದರೆ ನಾವು ಕಮಿಷನ್ ಕೊಟ್ಟದ್ದು ಅದೊಂದು ಸಲಹೆಗೇ.

ಇಲ್ಲೂ ಎಲ್ಲ ಸರಿ ಇತ್ತು ಅಂತಲ್ಲ. ಕಮಿಷನ್ ಐದಾರು ಪರ್ಸೆಂಟ್ ಇರುತ್ತಿತ್ತು. ಕೊಳ್ಳುವವರ ಏಜೆಂಟಿನ ಪಾಲನ್ನೂ ಮಾರುವವರೇ ಕೊಡುವುದು ರೂಢಿಯಾಗಿತ್ತು. ಅದರ ವಿರುದ್ಧ ಮನೆ ಮಾರಿದವರು ಕೋರ್ಟಿಗೆ ಹೋದರು. 2023ರ ಅಕ್ಟೋಬರಿನಲ್ಲಿ ಮಿಸ್ಸೂರಿಯ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ರಿಯಾಲ್ಟರುಗಳ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. 2024ರ ಆಗಸ್ಟ್ 17ರಿಂದ ಹೊಸ ನಿಯಮ ಬಂದಿದೆ. ಕೊಳ್ಳುವವರ ಏಜೆಂಟಿಗೆ ಇಷ್ಟು ಕೊಡುತ್ತೇವೆ ಅಂತ ಏಜೆಂಟರ ಮನೆಪಟ್ಟಿಯಲ್ಲಿ ಹಾಕುವಂತಿಲ್ಲ. ಕೊಳ್ಳುವವರು ತಮ್ಮ ಏಜೆಂಟಿನ ಜೊತೆ ಮನೆ ನೋಡುವ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಯಾರು ಯಾರ ಪರ, ಯಾರಿಗೆ ಯಾರು ಕೊಡುತ್ತಾರೆ ಅನ್ನುವುದಕ್ಕೆ ಇಷ್ಟು ದೊಡ್ಡ ವ್ಯಾಜ್ಯವೇ ಆಯಿತು ನೋಡಿ.

ನಂಜನಗೂಡು ರಸ್ತೆ

ನನ್ನದು ಬೇರೆ ಪ್ರಶ್ನೆ. ಮಾರುವವರ ಏಜೆಂಟ್ ಅಂದಮೇಲೆ ಮನೆಯ ದೋಷ ಹೇಳಬಾರದು ಅಲ್ವಾ? ಮಳೆಗಾಲದಲ್ಲಿ ಬಚ್ಚಲು ಗೋಡೆ ಒದ್ದೆಯಾಗುತ್ತದೆ ಅಂತ ಅವರೇ ಹೇಳಿಬಿಟ್ಟರೆ ಬೆಲೆ ಬೀಳುತ್ತದೆ. ನೋಡಿಕೊಂಡು ಕೊಳ್ಳುವುದು ಕೊಳ್ಳುವವರ ಜವಾಬ್ದಾರಿ.

ವಿಜಯನಗರ ನಾಲ್ಕನೇ ಹಂತ

ಇಲ್ಲ ಸಾರ್. ನನ್ನ ಅನುಭವದಲ್ಲಿ ಹೇಳಿದರೇ ಲಾಭ. ಪೇಂಟ್ ಬಳಿದು ಮುಚ್ಚಿದ ಗೋಡೆ ಕೊಳ್ಳುವವರ ಭಾವಮೈದುನನೋ ಮೇಸ್ತ್ರಿಯೋ ಬಂದು ಕೈಯಿಟ್ಟ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಅವರು ಒಳ್ಳೆ ಕಂಬವನ್ನೂ ನಂಬುವುದಿಲ್ಲ. ಒಂದು ಗೋಡೆಗೆ ನಲವತ್ತು ಸಾವಿರ ಇಳಿಯಬೇಕಾದದ್ದು ಇಡೀ ಮನೆಗೆ ನಾಲ್ಕು ಲಕ್ಷ ಇಳಿಯುತ್ತದೆ. ಮೊದಲೇ ಪ್ಲಂಬರ್ ಕರೆಸಿ, ಪೈಪು ಸರಿ ಮಾಡಿಸಿ, ಬಿಲ್ ಇಟ್ಟುಕೊಂಡು ತೋರಿಸಿ.

ನಿಮ್ಮ ಕೊನೆಯ ಬೆಲೆ ಗುಟ್ಟಾಗಿರಲಿ. ಗೋಡೆಯ ಒದ್ದೆ ಗುಟ್ಟಲ್ಲ.

ಕೋರ್ಟ್ ರಸ್ತೆ

ಕಾನೂನೂ ಅದನ್ನೇ ಹೇಳುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು. ಮಾಮೂಲಿ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ಮಾರುವವರಿಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವರೇ ತಿಳಿಸಬೇಕು. ಮನೆಯ ದೋಷ ಅಷ್ಟೇ ಅಲ್ಲ, ಹಕ್ಕಿನ ದೋಷವೂ ಸೇರಿ. ಅಂದರೆ ಕಾಗದಪತ್ರದ ತೊಡಕು.

ಲೆಕ್ಕದ ಪುಸ್ತಕ

ಇಲ್ಲಿವರೆಗೆ ಯಾರೂ ತೆರಿಗೆ ಮುಟ್ಟಲಿಲ್ಲ. ನೆಟ್ ರೇಟಿನ ನಿಜವಾದ ಅಪಾಯ ಅಲ್ಲೇ ಇರುವುದು, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಒಂದು ನಲವತ್ತಕ್ಕೆ ಹೋಯಿತು, ನಿಮಗೆ ಒಂದು ಇಪ್ಪತ್ತೈದು ಅಂತಿಟ್ಟುಕೊಳ್ಳಿ. ಕ್ರಯಪತ್ರದಲ್ಲಿ ಎಷ್ಟು ಬರೆಸುತ್ತೀರಿ? ಕೊಳ್ಳುವವರು ಬ್ಯಾಂಕ್ ಸಾಲ ತೆಗೆದಿದ್ದರೆ ಒಂದು ನಲವತ್ತನ್ನೇ ಬರೆಸಿ ಅನ್ನುತ್ತಾರೆ. ಆಗ ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೆ ಒಂದು ನಲವತ್ತೂ ನಿಮಗೇ ಬಂದಂತೆ. ಬ್ರೋಕರ್ ತೆಗೆದುಕೊಂಡ ಹದಿನೈದು ಲಕ್ಷಕ್ಕೆ 12.5 ಪರ್ಸೆಂಟ್ ಲೆಕ್ಕದಲ್ಲಿ 1,87,500 ರೂಪಾಯಿ ತೆರಿಗೆ ನಿಮ್ಮ ತಲೆ ಮೇಲೆ, ಸೆಸ್ ಬೇರೆ. ಕಮಿಷನ್ ಕೊಟ್ಟದ್ದಕ್ಕೆ ಸರಿಯಾದ ರಸೀದಿ ಇದ್ದರೆ ಮಾರಾಟದ ಖರ್ಚು ಅಂತ ಅದನ್ನು ಕಳೆಯಬಹುದು. ಆದರೆ "ಮೇಲಿನದ್ದು ನನಗೆ" ಅನ್ನುವವರು ಹದಿನೈದು ಲಕ್ಷಕ್ಕೆ ರಸೀದಿ ಬರೆದುಕೊಡುತ್ತಾರಾ? ಅವರನ್ನೇ ಕೇಳಿ, ಮಾತು ಅಲ್ಲೇ ನಿಲ್ಲುತ್ತದೆ.

ಅಥವಾ ಪತ್ರದಲ್ಲಿ ಒಂದು ಇಪ್ಪತ್ತೈದು ಬರೆಸಿ, ಉಳಿದದ್ದನ್ನು ಕ್ಯಾಶ್‌ನಲ್ಲಿ ಮುಗಿಸೋಣ ಅನ್ನುತ್ತಾರೆ. ಸಹಿ ನಿಮ್ಮದು, ಕ್ಯಾಶ್ ಅವರದು. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ದಂಡ ಬೀಳುವುದು ದುಡ್ಡು ಪಡೆದವರ ಮೇಲೆ. ಲೆಕ್ಕದಲ್ಲಿ ಮಾರುವವರು ನೀವೇ.

ಇನ್ನು ನಿಮ್ಮ ಮೂವರ ಲೆಕ್ಕ. ಮನೆ ಅಪ್ಪನ ಸ್ವಂತದ್ದು, ವಿಲ್ ಇಲ್ಲ, ಅಜ್ಜಿಯೂ ಇಲ್ಲ ಅಂದರೆ ಅಮ್ಮ, ನೀವು, ತಮ್ಮ ಮೂವರಿಗೂ ಸಮಪಾಲು. ಒಟ್ಟು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಒಂದು ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಪ್ರತಿಯೊಬ್ಬರ ಪಾಲು 50 ಲಕ್ಷದ ಒಳಗಿದೆ ಅಂತ ತಪ್ಪಿಸುವ ಹಾಗಿಲ್ಲ. 2024ರ ಅಕ್ಟೋಬರಿನಿಂದ ಒಟ್ಟು ಬೆಲೆಯನ್ನೇ ನೋಡುತ್ತಾರೆ. ಇದು ಅಮ್ಮನಿಗೆ, ನಿಮಗೆ. ತಮ್ಮ ಎನ್‌ಆರ್‌ಐ ಆಗಿದ್ದರೆ ಅವರ ಪಾಲಿಗೆ ಟಿಡಿಎಸ್ 12.5 ಪರ್ಸೆಂಟ್, ಜೊತೆಗೆ ಸೆಸ್, ಅನ್ವಯಿಸಿದರೆ ಸರ್‌ಚಾರ್ಜೂ. 50 ಲಕ್ಷದ ಮಿತಿಯೂ ಅವರಿಗಿಲ್ಲ. ಕಡಿಮೆ ಹಿಡಿಯಲು ಇಲಾಖೆಯಿಂದ ಸರ್ಟಿಫಿಕೇಟ್ ತರಬಹುದು, ಆದರೆ ಅದಕ್ಕೆ ಸಮಯ ಬೇಕು.

ಮಾರಾಟದ ಲಾಭಕ್ಕೆ ನೀವು, ಅಮ್ಮ ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಏರಿಸಿ ಹಿಡಿಯುವುದು) ಜೊತೆ 20 ಪರ್ಸೆಂಟ್ ಅಥವಾ ಅದಿಲ್ಲದೆ 12.5 ಪರ್ಸೆಂಟ್, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2024ರ ಜುಲೈ 23ಕ್ಕಿಂತ ಮುಂಚಿನ ಆಸ್ತಿಗೆ ಈ ಆಯ್ಕೆ ಇದೆ. ತಮ್ಮನಿಗೆ ಆ ಆಯ್ಕೆ ಇಲ್ಲ. ಅಪ್ಪ 2001ಕ್ಕಿಂತ ಮುಂಚೆ ಕಟ್ಟಿಸಿದ್ದರೆ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಅಂತ ಹಿಡಿಯಬಹುದು, ಆ ದಿನದ ಸರ್ಕಾರಿ ಮಾರ್ಗಸೂಚಿ ದರ ಮೀರದ ಹಾಗೆ.

ಇದೆಲ್ಲ ಆಡಿಟರ್ ಕೆಲಸ, ಬ್ರೋಕರ್ ಕೆಲಸ ಅಲ್ಲ, ಒಪ್ಪುತ್ತೇನೆ. ಆದರೆ ಒಳ್ಳೆ ಏಜೆಂಟ್ ಮೊದಲ ದಿನವೇ "ಮಾರುವವರಲ್ಲಿ ಯಾರಾದರೂ ಹೊರದೇಶದಲ್ಲಿದ್ದಾರಾ?" ಅಂತ ಕೇಳುತ್ತಾರೆ. ಕೇಳದಿದ್ದರೆ ರಿಜಿಸ್ಟ್ರೇಷನ್ ವಾರದಲ್ಲಿ ಕೊಳ್ಳುವವರಿಗೆ ಗೊತ್ತಾಗಿ ಜಗಳ ಆಗುತ್ತದೆ.

ಕುವೆಂಪುನಗರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೆರಿಗೆಯ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ನೆಟ್ ರೇಟ್ ಮಾತು ಬಿಟ್ಟಿದ್ದೇವೆ.

ವಿಜಯನಗರದ ಸಾರ್, ಬೋರ್ಡ್ ಹಾಕುವ ಮೊದಲು ಏಜೆಂಟ್ ನಮ್ಮಿಂದ ಏನೇನು ಕಾಗದ ಕೇಳಬೇಕು? ಎರಡು ಪರ್ಸೆಂಟ್ ಕೇಳಿದವರು ಇದುವರೆಗೆ ಒಂದು ಕಾಗದವನ್ನೂ ಕೇಳಿಲ್ಲ. ಫೋಟೋ ಮಾತ್ರ ಕೇಳಿದ್ದಾರೆ.

ವಿಜಯನಗರ ನಾಲ್ಕನೇ ಹಂತ

ಕಾಗದ ನೋಡದೆ ಮನೆ ತೋರಿಸಲು ಹೊರಡುವವರನ್ನು ಅಲ್ಲಿಗೇ ಬಿಡಿ ಅಮ್ಮ.

ಮೊದಲು ಖಾತೆ. ಅದು ಇನ್ನೂ ಅಪ್ಪನ ಹೆಸರಲ್ಲೇ ಇರಬಹುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮೂವರ ಹೆಸರಿಗೆ ಮಾಡಿಸಿ, ಇ-ಖಾತೆ ತೆಗೆಸಿ. ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಮುಂದೆ ಹೋಗುವುದಿಲ್ಲ. ಇದಕ್ಕೇ ತಿಂಗಳುಗಳು ಹಿಡಿಯಬಹುದು. ಎಷ್ಟೋ ವ್ಯಾಪಾರ ಮುರಿಯುವುದು ಬೆಲೆಗಲ್ಲ, ಇದಕ್ಕೆ. ಅಡ್ವಾನ್ಸ್ ಕೊಟ್ಟವರು ಕಾದು ಕಾದು ವಾಪಸ್ ಕೇಳುತ್ತಾರೆ.

ಆಮೇಲೆ ಅಪ್ಪನಿಗೆ ಸೈಟು ಬಂದ ಮೂಲ ಪತ್ರ. ಅಭಿವೃದ್ಧಿ ಪ್ರಾಧಿಕಾರದ್ದಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಹಳೇ ವರ್ಷಗಳದ್ದೂ ಸೇರಿ. ಅಪ್ಪ ಮನೆ ಕಟ್ಟಲು ಸಾಲ ತೆಗೆದಿದ್ದರೆ ಅದು ತೀರಿದ್ದಕ್ಕೆ ಪತ್ರ ಇದೆಯಾ, ಇ.ಸಿ.ಯಲ್ಲಿ ಆ ಸಾಲ ಇನ್ನೂ ಕಾಣುತ್ತಿದೆಯಾ ನೋಡಿ. ಕಂದಾಯ ಕಟ್ಟಿದ ರಸೀದಿ, ಮನೆ ಪ್ಲ್ಯಾನು. ಸೆಸ್ಕ್ ಕರೆಂಟ್ ಬಿಲ್ಲು, ವಾಣಿವಿಲಾಸದ ನೀರಿನ ಬಿಲ್ಲು ಬಾಕಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಮೇಲಿನ ಮನೆಯವರ ಬಾಡಿಗೆ ಕರಾರು, ಅವರ ಅಡ್ವಾನ್ಸ್ ಎಷ್ಟು, ಯಾವಾಗ ಬಿಡುತ್ತಾರೆ, ಇದನ್ನೂ ಬರೆದಿಡಿ. ಮನೆ ನೋಡಲು ಬರುವ ಹಿಂದಿನ ದಿನವೇ ಅವರಿಗೆ ಫೋನ್ ಮಾಡಿ ಹೇಳುವುದೂ ಏಜೆಂಟ್ ಕೆಲಸವೇ. ಅವರ ಮುಖ ಗಂಟಾದರೆ ಗಿರಾಕಿಗೆ ಮನೆಯೂ ಹಿಡಿಸುವುದಿಲ್ಲ.

ಎಲ್ಲದರ ಜೆರಾಕ್ಸ್ ಒಂದು ಫೈಲಿನಲ್ಲಿರಲಿ. ಮೂಲ ಪತ್ರ ಮಾತ್ರ ಯಾರ ಕೈಗೂ ಬೇಡ, ನನ್ನಂಥವರ ಕೈಗೂ ಬೇಡ. ಗಿರಾಕಿಯ ವಕೀಲರು ಮೂಲ ನೋಡಬೇಕು ಅಂದರೆ ನೀವೇ ಎದುರು ಕೂತು ತೋರಿಸಿ.

ಕುವೆಂಪುನಗರದ ಮಗಳು

ಇನ್ನೊಬ್ಬರನ್ನು ಮಾತಾಡಿಸಿದೆವು, ಸರಸ್ವತಿಪುರಂ ಕಡೆಯವರು. ಫೋನಿನಲ್ಲಿ ಮೊದಲು ಕೇಳಿದ್ದೇ ಖಾತೆ ಯಾರ ಹೆಸರಲ್ಲಿದೆ ಅಂತ. ಒಂದು ಪುಟದ ಪತ್ರಕ್ಕೆ ಒಪ್ಪಿದ್ದಾರೆ. ಅದರಲ್ಲಿ ಹೀಗೆ ಬರೆಸಿದ್ದೇವೆ: ಈ ಮಾರಾಟದಲ್ಲಿ ಅವರು ನಮ್ಮ ಪರ ಮಾತ್ರ, ಕೊಳ್ಳುವವರಿಂದ ಏನೂ ತೆಗೆದುಕೊಳ್ಳುವುದಿಲ್ಲ. ಬಂದ ಪ್ರತಿಯೊಂದು ಆಫರನ್ನೂ, ಕಡಿಮೆಯದಾದರೂ, ನಮಗೆ ತಿಳಿಸಬೇಕು. ಅವರೋ ಅವರ ಸಂಬಂಧಿಕರೋ ಕೊಳ್ಳುವುದಾದರೆ ಮೊದಲೇ ಹೇಳಬೇಕು. ಅಡ್ವಾನ್ಸ್ ನೇರವಾಗಿ ನಮ್ಮ ಬ್ಯಾಂಕ್ ಖಾತೆಗೆ ಬರಬೇಕು. ಕಮಿಷನ್ ರಿಜಿಸ್ಟ್ರೇಷನ್ ದಿನ, ಬ್ಯಾಂಕ್ ಮೂಲಕ, ರಸೀದಿ ಸಮೇತ. ಒಂದು ಮೂವತ್ತರವರೆಗೆ ಒಂದೂವರೆ ಪರ್ಸೆಂಟ್, ಅದರ ಮೇಲಿನದಕ್ಕೆ ಎಂಟು. ಆರು ತಿಂಗಳ ಗಡುವು.

ಕೊನೆಯ ಪ್ರಶ್ನೆ. ತಮ್ಮ ರಿಜಿಸ್ಟ್ರೇಷನ್‌ಗೆ ಬರಲು ಆಗದಿರಬಹುದು. ಪವರ್ ಆಫ್ ಅಟಾರ್ನಿ ನನ್ನ ಹೆಸರಿಗೆ ಮಾಡಿಸುವುದಾ, ಓಡಾಟ ಎಲ್ಲ ಮಾಡುವ ಏಜೆಂಟ್ ಹೆಸರಿಗಾ?

ಕೋರ್ಟ್ ರಸ್ತೆ

ನಿಮ್ಮ ಹೆಸರಿಗೆ. ಏಜೆಂಟ್ ಎಷ್ಟೇ ಒಳ್ಳೆಯವರಿರಲಿ, ಸಹಿಯ ಅಧಿಕಾರ ಮನೆಯವರಲ್ಲೇ ಇರಲಿ. ಪವರ್ ಆಫ್ ಅಟಾರ್ನಿಯಿಂದ ಆಸ್ತಿಯ ಹಕ್ಕು ಯಾರಿಗೂ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಅದನ್ನು ಹಿಡಿದವರು ನಿಮ್ಮ ತಮ್ಮನ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದಲ್ಲ. ಬ್ರೋಕರ್ ಕೈಯಲ್ಲಿ ಅದು ಇರಬಾರದು.

ಬರೆಸುವಾಗ ಈ ಒಂದು ಆಸ್ತಿಗೆ ಮಾತ್ರ, ಈ ಒಂದು ಮಾರಾಟಕ್ಕೆ ಮಾತ್ರ ಅಂತ ಬರೆಸಿ. ಚೆಕ್ಕುಬಂದಿ, ಖಾತೆ ನಂಬರ್ ಹಾಕಿಸಿ. ತಮ್ಮನ ಪಾಲಿನ ದುಡ್ಡು ಅವರ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ) ಬರಬೇಕು ಅಂತಲೂ ಸೇರಿಸಿ. ತಮ್ಮ ಅಲ್ಲಿನ ನೋಟರಿ ಎದುರು ಸಹಿ ಹಾಕಿ ಅಪೊಸ್ಟಿಲ್ (ಪತ್ರ ಹೊರದೇಶದಲ್ಲೂ ನಡೆಯುವಂತೆ ಹಾಕುವ ಸರ್ಕಾರಿ ದೃಢೀಕರಣ) ಮಾಡಿಸಬಹುದು, ಅಥವಾ ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬಹುದು. ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ತಮ್ಮ ಸಹಿ ಹಾಕುವ ಮೊದಲು ಕರಡನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಮ್ಮೆ ತೋರಿಸಿ. ಕೊಳ್ಳುವವರ ಬ್ಯಾಂಕಿನ ವಕೀಲರಿಗೂ ತೋರಿಸಿ. ಒಂದು ಸಾಲು ತಪ್ಪಿದರೂ ಅಮೆರಿಕಕ್ಕೆ ಮತ್ತೆ ಕಳಿಸಬೇಕಾಗುತ್ತದೆ.